ಒಂದು ದಿನ ಮುಂಚಿನ ಬುತ್ತಿ

ಬಿಳಿಜೋಳ ಹಾಲುಗಾಳು ಹಿಡಿಯುವ ಕಾಲ. ಚಳಿ ಇನ್ನೂ ಅಂಗಳ ಬಿಟ್ಟಿರಲಿಲ್ಲ, ಬಿಸಿಲು ಎದುರುಮನೆಯ ಮಾಳಿಗೆಯ ಅಂಚಿಗೆ ಬಂದು ನಿಂತಿತ್ತು. ಸಂಜೀವಕುಮಾರನಿಗೆ ಆ ದಿನದ ಮೊದಲ ಸಂಶಯ ಬಂದದ್ದು ಆ ಹೊತ್ತಿಗೆ. ಪಡಸಾಲೆಯ ಗೂಟದಲ್ಲಿ ಅವನ ಬ್ಯಾಗಿನ ಪಕ್ಕ ಬುತ್ತಿಯ ಗಂಟು ತೂಗುತ್ತಿತ್ತು.

ಶನಿವಾರ ಅವನು ಕಲಿಸುವ ಕಾಲೇಜು ಮಧ್ಯಾಹ್ನಕ್ಕೇ ಬಿಡುತ್ತದೆ. ಶನಿವಾರ ಅವನಿಗೆ ಯಾರೂ ಬುತ್ತಿ ಕಟ್ಟುವುದಿಲ್ಲ.

"ಇದ್ಯಾಕ?" ಎಂದು ಕೇಳಿದ.

ಅಕ್ಕ ಜಯಮಾಲಾ ಕಸ ಹೊಡೆಯುತ್ತಿದ್ದವಳು ತಲೆ ಎತ್ತಲಿಲ್ಲ. "ಒಯ್ಯಿ. ಹಸದ್ರ ತಿನ್ನು."

"ಮಧ್ಯಾಹ್ನಕ್ಕ ಮನಿಗೆ ಬರ್ತೇನಲ್ಲ?"

"ಬರ್ತೀಯೇನು?"

 ಕಾಲೇಜಿಗೆ ರಜೆ ಹಾಕಿ ಆಲಮಟ್ಟಿ ಆಣೆಕಟ್ಟಿನ ಬದಿಯ ಹೊಳೆಯ ತೋಟಕ್ಕೆ ಹೋಗಿಬರುವುದೆಂದು ಹಾಸಿಗೆಯಲ್ಲಿ ಮಲಗಿಕೊಂಡೇ ತೀರ್ಮಾನಿಸಿದ್ದ. ಯಾರಿಗೂ ಹೇಳಿರಲಿಲ್ಲ. ಹೇಳದ ಮಾತು ಗಂಟಾಗಿ ಗೂಟಕ್ಕೆ ಜೋತುಬಿದ್ದಿತ್ತು.

ಗಂಟನ್ನು ಬ್ಯಾಗಿಗೆ ಹಾಕಿಕೊಂಡ. ಬಿಟ್ಟುಹೋದರೆ ಆಕೆಗೆ ಇನ್ನಷ್ಟು ತಿಳಿಯುತ್ತದೆ.

ಹೊಳೆಯ ತೋಟದ ಮಾತು ತೆಗೆದವಳು ಜಯಮಾಲಾನೇ. ಬುಧವಾರ ಊಟಕ್ಕೆ ಕುಳಿತಾಗ, ರೊಟ್ಟಿ ಹಾಕುತ್ತ ಹಾಕುತ್ತ, ಉಪ್ಪು ಸಾಕೇ ಎಂದು ಕೇಳುವ ದನಿಯಲ್ಲಿ ಹೇಳಿದ್ದಳು. "ರವಿವಾರ ಆಲಮಟ್ಟಿ ತೋಟಕ್ಕ ಹೋಗೂಣು. ಬುತ್ತಿ ಕಟಗೊಂಡು. ಎಲ್ಲಾರೂ. ಶನಿವಾರ ಸಂಜಿಮುಂದ ಹೋಳಿಗಿ ಮಾಡ್ತೇನಿ."

ತಾಯಿ ರುಕ್ಮವ್ವ ತವರಿನ ಹಾದಿ ಬಿಟ್ಟರೆ ಬೇರೆ ಹಾದಿ ಕೇಳಿದವಳಲ್ಲ. ಅವಳು ಕೂಡ "ಹೂಂ ಯವ್ವಾ, ಹೋಗೂಣು. ನೀರು ನೋಡಿ ಭಾಳ ದಿನಾತು" ಎಂದಳು. ಮೊದಲೇ ಬಾಯಿಪಾಠ ಮಾಡಿದ ಮಾತಿನಂತಿತ್ತು. ತಂಗಿ ಭಾಗ್ಯಜ್ಯೋತಿ ತಾಟಿನಲ್ಲಿ ಪಲ್ಯವನ್ನು ಬೆರಳಿನಿಂದ ಆ ಕಡೆ ಈ ಕಡೆ ಸರಿಸುತ್ತಿದ್ದಳು. ಆಕೆ ತಲೆ ಎತ್ತಲಿಲ್ಲವೆಂಬುದನ್ನು ಸಂಜೀವಕುಮಾರ ಗುರುತು ಹಾಕಿಕೊಂಡ.

ನೀರು ನೋಡಲಿಕ್ಕೆಂದು ಯಾರೂ ನೀರಿಗೆ ಹೋಗುವುದಿಲ್ಲ. ಅಷ್ಟು ಅವನಿಗೆ ತಿಳಿಯುತ್ತದೆ. ಈಗೀಗ ಕನ್ಯಾ ತೋರಿಸುವುದು ಪಡಸಾಲೆಯಲ್ಲಲ್ಲ. ಎರಡೂ ಕಡೆಯವರು ಒಂದು ತೋಟಕ್ಕೆ ಬರುತ್ತಾರೆ. "ಅಯ್ಯ, ನೀವೂ ಬಂದೀರೇನು" ಎಂದು ಬೆರಗುಪಡುತ್ತಾರೆ. ಬುತ್ತಿ ಹಂಚಿಕೊಳ್ಳುತ್ತಾರೆ. ಒಪ್ಪಿಗೆಯಾಗದಿದ್ದರೆ ನೀರು ನೋಡಿ ಬಂದಂತಾಯಿತು, ಯಾರ ಮಾನವೂ ಹೋಗಲಿಲ್ಲ.

ಭಾಗ್ಯಜ್ಯೋತಿಗೆ ಮೂವತ್ತು ದಾಟಿತ್ತು. ದಿನಾ ಬಸ್ಸಿಗೆ ಹೋಗಿ ಮನಗೂಳಿಯ ಒಂದು ಶಾಲೆಯಲ್ಲಿ ಕಲಿಸಿ ಬರುತ್ತಾಳೆ. ಆಕೆಗೆ ಬಂದ ಗಂಡುಗಳನ್ನೆಲ್ಲ ಮುರಿದವನು ಅಣ್ಣನೇ ಎಂದು ಓಣಿ ಹೇಳುತ್ತದೆ. ಮುರಿದದ್ದಲ್ಲ, ವಿಚಾರ ತೆಗೆದದ್ದು ಎಂದು ಅಣ್ಣ ಹೇಳುತ್ತಾನೆ.

ಬಾಗೇವಾಡಿಯಿರಲಿ ಸಿಂದಗಿಯಿರಲಿ, ಈ ಸೀಮೆಯಲ್ಲಿ ಹೆಣ್ಣು ಕೊಡುವ ಮೊದಲು ಒಬ್ಬ ಗಂಡಿನ ಊರಿಗೆ ಹೋಗಿ ವಿಚಾರ ತೆಗೆದು ಬರಬೇಕು. ಚಹದಂಗಡಿ, ಕ್ಷೌರದಂಗಡಿ, ಹಿಟ್ಟಿನ ಗಿರಣಿ, ಈ ಮೂರು ಕಡೆ ಕುಳಿತೆದ್ದರೆ ಒಂದು ಮನೆಯ ಒಳಗು ಹೊರಗೆ ಬೀಳುತ್ತದೆ. ಬೇರೆಯವರು ಒಂದು ಸಲ ಹೋಗಿ, ಚಹ ಕುಡಿದು, ಸಮಾಧಾನದಿಂದ ತಿರುಗಿ ಬರುತ್ತಾರೆ. ಸಂಜೀವಕುಮಾರ ಹೋದ, ಮತ್ತೆ ಹೋದ. ಹೊರ್ತಿಯ ಚಹದಂಗಡಿಯಲ್ಲಿ "ಹುಡುಗ ಕುಡಿತಾನೇನ್ರಿ" ಎಂದು ಅವನು ಕೇಳಿದ್ದು ಹುಡುಗನ ಸೋದರಮಾವನನ್ನೇ. ಝಳಕಿಯ ಹುಡುಗನ ಬಗ್ಗೆ ಯಾರೂ ಒಂದೂ ಕೆಟ್ಟ ಮಾತು ಆಡಲಿಲ್ಲ. ಊರಿಗೆ ಊರೇ ಒಂದೂ ಆಡದಿರುವುದು ಅವನಿಗೆ ಸರಿಕಾಣಲಿಲ್ಲ. ಸಿಂದಗಿಯವನು ಬಹಳ ನಗುತ್ತಿದ್ದ.

ತನಗೆ ಬಂದ ಹೆಣ್ಣುಗಳನ್ನೂ ಅವನು ಹೀಗೇ ನೋಡಿದ್ದ. ಈಗ ವಯಸ್ಸು ನಲವತ್ತನಾಲ್ಕು, ಮದುವೆಯಾಗಿಲ್ಲ. ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುತ್ತಾನೆ. ಪ್ರಯೋಗಾಲಯದ ಯಾವ ಸೀಸೆಯನ್ನೂ ಮೇಲಿನ ಹೆಸರು ನಂಬಿ ಮುಟ್ಟುವುದಿಲ್ಲ.

ಯಾರಾದರೂ ಎದುರಾಡಿದರೆ ಅವನ ಬಳಿ ಒಂದೇ ಜವಾಬಿತ್ತು, ಜಯಮಾಲಾ. ಅಪ್ಪ ಯಾವ ವಿಚಾರವನ್ನೂ ತೆಗೆಯದೆ, ಮಂದಿ ಚಲೋ ಇದ್ದಾರೆಂದು, ಆಕೆಯನ್ನು ಇಂಡಿಯ ಕಡೆ ಒಂದು ಮನೆಗೆ ಕೊಟ್ಟಿದ್ದ. ಎರಡನೆಯ ನಾಗರಪಂಚಮಿಗೆ ತವರಿಗೆ ಬಂದವಳು ತಿರುಗಿ ಹೋಗಲಿಲ್ಲ. ಬೆನ್ನ ಮೇಲಿನ ಗುರುತುಗಳನ್ನು ತಾಯಿ ನೋಡಿದಳು, ನೋಡಿ ಸೆರಗು ಮುಚ್ಚಿದಳು. ಅಪ್ಪ ಆ ಕೊರಗಿನಲ್ಲೇ ಹೋದ. ಅಪ್ಪ ಮಾಡಿದ ತಪ್ಪನ್ನು ಮಗ ಮಾಡಬಾರದು. ಇದರಲ್ಲಿ ತಪ್ಪೇನಿದೆ?

ಓಣಿಯ ತಿರುವಿನಲ್ಲಿ ಖಲೀಲ ತನ್ನ ಕ್ರೂಸರ್ ಗಾಡಿ ತೊಳೆಯುತ್ತಿದ್ದ. ಗೋಡೆಗೆ ಗೋಡೆ ಹತ್ತಿದ ಮನೆಯವನು. ಅವನ ಹೆಂಡತಿ ಸಿದ್ದೀಕಾ ಮತ್ತು ಭಾಗ್ಯಜ್ಯೋತಿ ಒಂದೇ ಬೆಂಚಿನ ಗೆಳತಿಯರು.

"ಏನ್ ಸರ್, ಲಗೂ ಹೊಂಟೀರಿ?"

"ಕಾಲೇಜು."

"ಹೌದ್ರಿ, ಕಾಲೇಜು" ಎಂದು ಖಲೀಲ ಗಾಲಿಗೆ ಹೇಳಿದ.

"ಗಾಡಿ ಇವತ್ತ ತೊಳ್ಯಾಕತ್ತೀಯಲ್ಲ?"

"ನಾಳಿಗಿರಿ ಸರ್. ನಾಳಿಗೇ. ಇವತ್ತೇನಿಲ್ಲ."

ಇವತ್ತು ಏನಾದರೂ ಇದೆಯೇ ಎಂದು ಸಂಜೀವಕುಮಾರ ಕೇಳಿರಲಿಲ್ಲ.

"ನಾಳಿ ಮುಂದಿನ ಸೀಟು ನಿಮ್ಮದ ನೋಡ್ರಿ" ಎಂದು ಖಲೀಲ ಬಟ್ಟೆ ಹಿಂಡಿದ. "ಹಾದಿ ಖರೇನ ಆಲಮಟ್ಟಿಗಿ ಹೋಗತೈತೋ ಇಲ್ಲೋ, ಊರೂರಿಗಿ ಇಳದು ಕೇಳಕೋತ ಹೋಗಬಹುದು."

ಗಾಡಿಯ ಆಚೆ ಬದಿ ಯಾರೋ ಹೆಂಗಸು ನಕ್ಕಂತಾಯಿತು. ಸಿದ್ದೀಕಾ ಇರಬೇಕು. ಅವನು ತಿರುಗಿ ನೋಡಲಿಲ್ಲ.

ನಿಡಗುಂದಿಯ ಬಸ್ಸಿನಲ್ಲಿ ಕಿಟಕಿ ಸಿಕ್ಕಿತು. ಎರಡೂ ಕಡೆ ಜೋಳ, ನಡುನಡುವೆ ಕುಸುಬೆಯ ಹಳದಿ. ಅವನು ಅದನ್ನು ನೋಡಲಿಲ್ಲ, ನಾಳೆಯನ್ನು ಹೊಂದಿಸುತ್ತಿದ್ದ. ಗಂಡಿನವರು ಎಲ್ಲಿಂದ ಬರಬಹುದು, ಯಾರು ಮೊದಲು ಬೆರಗುಪಡಬಹುದು, ಭಾಗ್ಯಜ್ಯೋತಿಯನ್ನು ಯಾವ ನೆವದಿಂದ ನಾಲ್ಕು ಹೆಜ್ಜೆ ಆಚೆ ಕಳಿಸಬಹುದು. ತಾನು ಎಲ್ಲಿ ಕುಳಿತರೆ ಎಲ್ಲ ಕಾಣುತ್ತದೆ, ತಾನು ಕಾಣುವುದಿಲ್ಲ.

ಇಳಿದು, ಟಂಟಂ ರಿಕ್ಷಾ ಹಿಡಿದು, ತೋಟದ ಬಾಗಿಲಿಗೆ ಬಂದ.

"ಎಷ್ಟ ಮಂದಿ?" ಎಂದು ಟಿಕೆಟ್ಟಿನ ಕಿಂಡಿ ಕೇಳಿತು.

"ಒಬ್ಬನ."

ಚೀಟಿ ಹರಿಯುವ ಕೈ ನಿಂತಿತು. "ಒಬ್ರ?"

ಒಳಗೆ ಒಬ್ಬನೇ ಬಂದವನು ನಿಜಕ್ಕೂ ಅವನೊಬ್ಬನೇ. ಉಳಿದವರೆಲ್ಲ ಗುಂಪಾಗಿ ಬಂದಿದ್ದರು. ಶಾಲೆಯ ಮಕ್ಕಳು ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡು ಹೋಗುತ್ತಿದ್ದರು. ಹೊಸದಾಗಿ ಮದುವೆಯಾದವರು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆಚೆ ಹೊಳೆ ಹೊಳೆಯಂತಿರಲಿಲ್ಲ. ಕಣ್ಣು ಹೋದಷ್ಟು ದೂರ ನಿಂತ ನೀರು, ಅದರ ಕೆಳಗೆ ಮುಳುಗಿದ ಹಿಂದಿನ ಊರುಗಳು. ದಂಡೆಯ ಮೇಲೆ ಹುಲ್ಲು, ಹೂ, ಸಿಮೆಂಟಿನ ಜಿಂಕೆ, ಸಿಮೆಂಟಿನ ಎತ್ತು. ಹಾದಿ ತಿರುಗುವಲ್ಲಿ ಏಕತಾರಿ ಹಿಡಿದು ಹಾಡುತ್ತ ಕುಳಿತ ಸಿಮೆಂಟಿನ ಮುದುಕ. ಹಾಡಲೆಂದು ತೆರೆದ ಬಾಯಿ ತೆರೆದೇ ಇತ್ತು. ಅದರೊಳಗೆ ಯಾರೋ ಶೇಂಗಾ ಸಿಪ್ಪೆ ತುಂಬಿದ್ದರು. ಅವನು ನೋಡುತ್ತಿರುವಾಗಲೇ ಒಂದು ಹುಡುಗಿ ತುದಿಗಾಲಲ್ಲಿ ನಿಂತು ಐಸ್‌ಕ್ರೀಮಿನ ಕಡ್ಡಿ ಸಿಕ್ಕಿಸಿ, ಚಪ್ಪಾಳೆ ತಟ್ಟಿ ಓಡಿತು.

ಮುದುಕನ ಎದುರಿಗೇ ಬೇವಿನ ನೆರಳು, ಸುತ್ತ ಕಲ್ಲಿನ ಕಟ್ಟೆ. ಹಿಂದೆ ಆಳೆತ್ತರದ ಗಿಡದ ಬೇಲಿ. ಬುತ್ತಿ ಬಿಚ್ಚುವವರು ಕೂಡುವುದು ಇಲ್ಲೇ. ಅವನಿಗೆ ಒಳಗೊಳಗೇ ಖುಷಿಯಾಯಿತು. ಗಂಡು ಕೂಡಬಹುದಾದ ಕಲ್ಲಿನ ಮೇಲೆ ತನ್ನ ಬ್ಯಾಗನ್ನು ನಿಲ್ಲಿಸಿಟ್ಟು, ಬೇಲಿಯ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕುಳಿತು, ಎಲೆ ಸರಿಸಿ ನೋಡಿದ. ಬ್ಯಾಗು ಚೆನ್ನಾಗಿ ಕಾಣುತ್ತಿತ್ತು. ಮುಖವಾದರೆ ಮುಖದ ಬಣ್ಣ ಬದಲಾಗುವುದೂ ಕಾಣುತ್ತಿತ್ತು.

ಸೀಟಿಯ ಸದ್ದಾಯಿತು.

"ಯಾರದ್ರಿ ಬ್ಯಾಗು?"

ತೋಟದ ಕಾವಲುಗಾರ. ಎದೆಯ ಮೇಲೆ ಮಾಳಿಂಗಪ್ಪ ಎಂದು ಹೆಸರಿನ ಪಟ್ಟಿ. ಸಂಜೀವಕುಮಾರ ಬೇಲಿಯ ಹಿಂದಿನಿಂದ ಎದ್ದ. ತಲೆಯಲ್ಲಿ ಎಲೆ.

"ನಂದು."

"ಬ್ಯಾಗು ಇಲ್ಲಿಟ್ಟು ಅಲ್ಲ್ಯಾಕ ಕುಂತಿದ್ರಿ?"

"ಕಾಣ್ತೈತೇನು ಅಂತ ನೋಡ್ತಿದ್ದೆ."

"ಏನು ಕಾಣ್ತೈತೇನು?"

ಅವನು ಬೇಲಿ ಸುತ್ತಿ ಈಚೆ ಬಂದ. ಮಾಳಿಂಗಪ್ಪ ಅವನನ್ನು ಬೂಟಿನಿಂದ ತಲೆಯ ಎಲೆಯವರೆಗೆ ನೋಡಿದ. ಈ ನೋಟ ಸಂಜೀವಕುಮಾರನಿಗೆ ಗುರುತಿನದು. ತಾನೇ ಎಷ್ಟೋ ಮಂದಿಯನ್ನು ಹೀಗೆ ನೋಡಿದ್ದ.

"ಯಾರ ಜೋಡಿ ಬಂದೀರಿ?"

"ನಾಳೆ ನಮ್ಮ ಮನಿಯವರು ಬರೂರದಾರ."

"ನಾಳಿ ಬರೂರಿಗೆ ನೀವು ಇವತ್ತ್ಯಾಕ ಬಂದೀರಿ?"

"ಜಾಗಾ ನೋಡಾಕ."

"ಜಾಗಾ ಓಡಿ ಹೋಗತೈತೇನ್ರಿ? ಹೆಣ್ಮಕ್ಕಳು ಅಡ್ಡಾಡೂ ಕಡೆ ಗಿಡದ ಹಿಂದ ಕುಂದರೂದು ಚಲೋ ಅಲ್ಲ. ಕಲತಂವರು ಕಂಡಂಗ ಕಾಣ್ತೀರಿ. ಬ್ಯಾಗು ತಗೀರಿ."

ಹಾದಿಯಲ್ಲಿದ್ದ ನಾಲ್ಕು ಮಂದಿ ನಿಂತರು. ಸಂಜೀವಕುಮಾರ ಬ್ಯಾಗು ತೆಗೆದ. ಕನ್ನಡಕದ ಡಬ್ಬಿ, ನೀರಿನ ಬಾಟಲಿ, ಗಂಟು.

"ಇದೇನು?"

"ಬುತ್ತಿ."

"ಬಿಚ್ರಿ."

ಬಿಚ್ಚಿದ. ಕಟಕ ರೊಟ್ಟಿ, ಬದನೆಕಾಯಿ ಪಲ್ಯ ಇರುತ್ತದೆಂದುಕೊಂಡಿದ್ದ. ಇದ್ದದ್ದು ಶೇಂಗಾದ ಹೋಳಿಗೆ, ಮೇಲೆ ಹೆಪ್ಪುಗಟ್ಟಿದ ತುಪ್ಪ. ಕರ್ಚಿಕಾಯಿ. ಎಲೆಯ ತುಂಡಿನಲ್ಲಿ ಚಿತ್ರಾನ್ನ, ಅದರ ಮೇಲೊಂದು ಕುಂಕುಮ ಹತ್ತಿದ ಹೂವಿನ ಎಸಳು.

ಮಾಳಿಂಗಪ್ಪನ ಮುಖ ಸಡಿಲಾಯಿತು. "ಹಬ್ಬದ ಬುತ್ತಿ ಐತಲ್ರಿ. ಏನೈತಿ ಮನ್ಯಾಗ ಇವತ್ತ?"

"ಏನಿಲ್ಲ" ಎಂದ ಸಂಜೀವಕುಮಾರ.

"ಏನಿಲ್ಲದ ಹೋಳಿಗಿ ಯಾರು ಮಾಡ್ತಾರ್ರಿ! ಹೋಗ್ಲಿ, ಉಣ್ರಿ. ಮುಂದ ಕುಂತು ಉಣ್ರಿ, ಕಾಣೂ ಹಂಗ." ಕಾವಲುಗಾರ ಹೋದ. ಹಾದಿಯ ಮಂದಿಯೂ ಹೋದರು.

ಅವನು ಗಂಡಿನ ಕಲ್ಲಿನ ಮೇಲೆ ಕುಳಿತ.

ಹೋಳಿಗೆ ಶನಿವಾರ ಸಂಜೆ ಮಾಡುವುದೆಂದಿತ್ತು. ಇದು ಶನಿವಾರ ಮುಂಜಾನೆ ಅವನ ಬೆನ್ನ ಮೇಲೆ ಬಂದಿತ್ತು. ಹಾಗಾದರೆ ಅವನು ಏಳುವ ಮೊದಲೇ ಒಲೆ ಹೊತ್ತಿತ್ತು. ದೇವರಿಗೆ ಎಡೆಯಾಗದೆ ತಾಯಿ ಹೋಳಿಗೆಯ ಚೂರನ್ನೂ ಮುಟ್ಟಗೊಡುವುದಿಲ್ಲ. ಹಾಗಾದರೆ ಎಡೆಯೂ ಆಗಿತ್ತು. ಕುಂಕುಮ ಅದನ್ನೇ ಹೇಳುತ್ತಿತ್ತು. ತಾಯಿಗೆ ಇನ್ನೊಂದು ರೂಢಿಯಿತ್ತು. ಮನೆಯಲ್ಲಿ ಒಳ್ಳೆಯ ಕೆಲಸವಿದ್ದ ದಿನ ಯಾರು ಹೊರಗಿರುತ್ತಾರೋ ಅವರ ಪಾಲನ್ನು ಮೊದಲೇ ತೆಗೆದು ಕಟ್ಟಬೇಕು. ಸೇನೆಯಲ್ಲಿದ್ದ ದೊಡ್ಡಪ್ಪನ ಪಾಲನ್ನೂ ಕಟ್ಟಿ, ಸಂಜೆಯವರೆಗೆ ಕಾದು, ಆಕಳಿಗೆ ಹಾಕುತ್ತಿದ್ದಳು.

ಇದು ಹಸಿವೆಗೆ ಕಟ್ಟಿದ ಬುತ್ತಿಯಲ್ಲ. ಪಾಲು.

ನಾಳೆ ತೋಟದಲ್ಲಿ ಏನೂ ಇರಲಿಲ್ಲ. ಇದ್ದದ್ದು ಇವತ್ತು, ಮನೆಯಲ್ಲಿ. ತೋಟದ ಸುದ್ದಿ ಹೇಳಿದರೆ ತಾನು ಒಂದು ದಿನ ಮೊದಲು ಬಂದು ಇಲ್ಲಿ ಗಿಡದ ಹಿಂದೆ ಕೂಡುತ್ತೇನೆಂದು ಅವರಿಗೆ ಗೊತ್ತಿತ್ತು. ಅವನ ಸಂಶಯಕ್ಕೆ ಹಗ್ಗ ಕಟ್ಟಿ, ಎತ್ತು ಹೊಡೆದುಕೊಂಡು ಹೋದಂತೆ, ಅವನನ್ನು ಹೊಳೆಯ ದಂಡೆಗೆ ಹೊಡೆದಿದ್ದರು. ಇಷ್ಟು ಚೊಕ್ಕ ಹೆಣೆದ ಸುಳ್ಳನ್ನು ತಾಯಿಯ ಕೈ ಒಂದು ಹೋಳಿಗೆ ಕಟ್ಟಿ ಹರಿದುಹಾಕಿತ್ತು. ಅಥವಾ ಹರಿಯಲೆಂದೇ ಕಟ್ಟಿದ್ದಳೇ? ಅದೂ ಒಂದು ಸಂಶಯ.

ಫೋನು ಹಚ್ಚಿದ. ಬಹಳ ಹೊತ್ತಿನ ಮೇಲೆ ಜಯಮಾಲಾ ಎತ್ತಿದಳು.

"ಮನ್ಯಾಗ ಯಾರ ಅದಾರ?"

"ಯಾರಿಲ್ಲ."

ಹಿಂದೆ ತಾಟಿಗೆ ಸವುಟು ತಾಕಿದ ಸದ್ದು. ಗಂಡಸೊಬ್ಬ ಗಂಟಲು ಸರಿಮಾಡಿಕೊಂಡ.

"ಯಾರೋ ಕೆಮ್ಮಿದ್ರು."

"ರೇಡಿಯೋ" ಎಂದಳು ಜಯಮಾಲಾ. ಆಮೇಲೆ, ದನಿ ತಗ್ಗಿಸಿ, "ಬುತ್ತಿ ಉಂಡ್ಯಾ?"

ಅವನು ಫೋನು ಇಟ್ಟ.

ತಕ್ಷಣ ಹೊರಟಿದ್ದರೆ ಬಂದವರು ಊಟ ಮುಗಿಸಿ ಏಳುವ ಮೊದಲು ಮನೆ ಮುಟ್ಟಬಹುದಿತ್ತು. ಬಾಗಿಲಲ್ಲಿ ನಿಂತು ಒಂದು ಪ್ರಶ್ನೆ ಕೇಳಿದರೂ ಸಾಕಿತ್ತು. ಯಾವ ಮಾತೂ ಅವನ ಪ್ರಶ್ನೆಯ ಮುಂದೆ ನಿಂತದ್ದಿಲ್ಲ. ಟಂಟಂಗಳು ಬಂದವು, ತುಂಬಿದವು, ಹೋದವು. ಅವನು ಏಳಲಿಲ್ಲ. ಏಕೆ ಏಳಲಿಲ್ಲವೆಂದು ಆಮೇಲೆ ಬಹಳ ಹುಡುಕಿದ, ಸಿಗಲಿಲ್ಲ. ಸಿಮೆಂಟಿನ ಮುದುಕನೂ ಅವನೂ ಎದುರುಬದುರು ಕುಳಿತಿದ್ದರು. ಫೋಟೋ ತೆಗೆಸಿಕೊಳ್ಳುವವರು ಬಂದು, "ಸರ್, ಸ್ವಲ್ಪ ಸರೀರಿ, ನೀವು ಬರಾಕತ್ತೀರಿ" ಎಂದರು. ಅವನು ಸರಿದ. ಮತ್ತೆ ಸರಿದ. ಕೊನೆಗೆ ಯಾರ ಫೋಟೋದಲ್ಲೂ ಬಾರದ ಒಂದು ಜಾಗ ಸಿಕ್ಕಿತು.

ಹೋಳಿಗೆ ತಿನ್ನಲಿಲ್ಲ, ಚೆಲ್ಲಲೂ ಇಲ್ಲ. ಮೊದಲಿದ್ದಂತೆ ಕಟ್ಟಿ ಬ್ಯಾಗಿಗೆ ಹಾಕಿಕೊಂಡ.

ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದ. ಪಡಸಾಲೆಯಲ್ಲಿ ಜಮಖಾನೆ ಇನ್ನೂ ಹಾಸಿಯೇ ಇತ್ತು. ಸೋದರಮಾವ ಮಡಿವಾಳಪ್ಪ ಹೊಸ ರುಮಾಲು ಸುತ್ತಿಕೊಂಡು ಕಟ್ಟೆಯ ಮೇಲೆ ಎಲೆಯಡಿಕೆ ಹಾಕುತ್ತಿದ್ದ.

"ಬಾರಪಾ ಪ್ರೊಫೆಸರ. ಹೆಂಗೈತಿ ತೋಟ? ಕುಂದರಾಕ ಜಾಗಾ ಐತೇನು?"

"ಯಾರು?" ಎಂದ ಸಂಜೀವಕುಮಾರ.

"ಮುದ್ದೇಬಿಹಾಳದವರು. ಹುಡುಗ ಕಲ್ಮೇಶ. ಪಂಪಸೆಟ್ಟಿನ ಮೋಟರ ಕಟ್ತಾನ, ಸ್ವಂತ ಅಂಗಡಿ. ಸಕ್ಕರಿ ಹಾಕಿ ಮುಗಿಸಿದ್ವಿ."

ಮಾತು ಕೂಡಿಬಂದರೆ ಎರಡೂ ಕಡೆಯ ಹಿರಿಯರು ಒಬ್ಬರ ಬಾಯಿಗೊಬ್ಬರು ಸಕ್ಕರೆ ಹಾಕುತ್ತಾರೆ. ಹಾಕಿದ ಮೇಲೆ ಯಾರೂ ಹಿಂದೆ ಸರಿಯುವಂತಿಲ್ಲ. ಹೆಣ್ಣಿನ ಕಡೆಯಿಂದ ಹಾಕಬೇಕಾದವನು ಮನೆಯ ಗಂಡಸು.

"ಯಾರು ಹಾಕಿದ್ರು?"

"ನಾನ. ಮನ್ಯಾಗ ಯಾರೂ ಇರಲಿಲ್ಲಲ್ಲ" ಎಂದು ಮಾವ ಅಂಗಳಕ್ಕೆ ಉಗುಳಿದ.

ಅಡುಗೆಮನೆಯಲ್ಲಿ ಜಯಮಾಲಾ ಪಾತ್ರೆ ತಿಕ್ಕುತ್ತಿದ್ದಳು. ಅವನು ಬಾಗಿಲಲ್ಲಿ ನಿಂತ.

"ಮೋಸ ಮಾಡಿದ್ರಿ."

"ಹೂಂ."

"ನಾ ಹೋಗ್ತೇನಂತ ಹೆಂಗ ಗೊತ್ತಾತು?"

"ನಾಳಿ ಹೋಗೂ ಜಾಗಾ ನೀ ಇವತ್ತ ನೋಡದ ಬಿಡ್ತೀಯೇನು ಸಂಜು? ಹೇಸರಗತ್ತಿ ಕಳಿಸಿದ್ರ ಹಾದಿ ತಪ್ಪೀತು, ನೀ ತಪ್ಪೂದಿಲ್ಲ."

"ನಿನ್ನ ಹಂಗ ಅಕಿಗೂ ಆಗಬಾರದು ಅಂತನ ನಾನು..."

ಪಾತ್ರೆಯ ಸದ್ದು ನಿಂತಿತು. "ನನ್ನ ಹೆಸರು ತಗೀಬ್ಯಾಡ. ನನ್ನ ಬೆನ್ನು ತೋರಿಸಿ ಅಕಿನ್ನ ಇನ್ನೂ ಎಷ್ಟು ವರ್ಷ ಕುಂದ್ರಸ್ತಿ? ಹೊಡದಾಂವ ಮರತಾನ. ನಾನೂ ಮರತೇನಿ. ನೀ ಒಬ್ಬಾಂವ ಮರೀವಲ್ಲಿ. ದಿನಾ ಅದನ್ನ ತಗದು ನೋಡ್ತಿ."

ಅವನು ಗಂಟನ್ನು ಒಲೆಯ ಕಟ್ಟೆಯ ಮೇಲಿಟ್ಟ. ಹೋಳಿಗೆ ಹಾಗೇ ಇದ್ದ ಗಂಟನ್ನು ಜಯಮಾಲಾ ನೋಡಿದಳು. ಮುಖ ಆಚೆ ತಿರುಗಿಸಿಕೊಂಡಳು.

ರವಿವಾರ ಬೆಳಗಾಯಿತು. ತೋಟಕ್ಕೆ ಹೋಗುವುದೂ ನಿಜವೇ ಆಗಿತ್ತು. ಮುದ್ದೇಬಿಹಾಳದವರು ಅಲ್ಲಿಗೇ ಬರುವವರಿದ್ದರು. ಈಗ ಯಾರೂ ಬೆರಗುಪಡಬೇಕಾಗಿರಲಿಲ್ಲ. ಖಲೀಲ ಗಾಡಿ ತಂದು ಬಾಗಿಲಿಗೆ ಹಚ್ಚಿದ. ಸಿದ್ದೀಕಾ ರೊಟ್ಟಿಯ ಬುಟ್ಟಿ ಹಿಡಿದು ಮೊದಲೇ ಹತ್ತಿ ಕುಳಿತಿದ್ದಳು. ಮಾವ ಹಿಂದೆ ಕುಳಿತ. ಮುಂದಿನ ಸೀಟು ಖಾಲಿ ಬಿಟ್ಟಿದ್ದರು.

ಭಾಗ್ಯಜ್ಯೋತಿ ಕಟ್ಟೆಯ ಹತ್ತಿರ ಬಂದಳು. ತಲೆಯಲ್ಲಿ ಸೇವಂತಿಗೆ.

"ಅಣ್ಣಾ, ಬರ್ತೀಯಿಲ್ಲೋ?"

"ನಾ ನೋಡಿ ಬಂದೇನಿ."

ಆಕೆ ನಿಂತೇ ಇದ್ದಳು. ಅವನು ಕೇಳಿದ, "ಹುಡುಗನ ವಿಚಾರ ಯಾರು ತಗದ್ರು?"

"ನಾನ."

"ಯಾರನ್ನ ಕೇಳಿದಿ?"

"ಅವನ್ನ."

ಇಂಥ ವಿಚಾರ ಅವನು ಎಲ್ಲೂ ಕೇಳಿರಲಿಲ್ಲ. "ಅವನ್ನೇ? ಏನಂತ?"

"ನಮ್ಮಣ್ಣ ಬಂದು ನಿಮ್ಮೂರಾಗ ನಿನ್ನ ಬಗ್ಗೆ ಕೇಳಿದ್ರ ಸಿಟ್ಟಿಗೇಳ್ತೀಯೇನು ಅಂತ."

"ಏನಂದ?"

"ನಕ್ಕ."

"ಭಾಳ ನಗತಾನೇನು?"

ಭಾಗ್ಯಜ್ಯೋತಿ ಅವನನ್ನು ನೋಡಿದಳು. ಆಕೆಯ ತುಟಿ ನಗಲಿಕ್ಕೆ ಹೋಗಿ, ಅರ್ಧಕ್ಕೆ ನಿಂತು, ಬೇರೇನೋ ಆಯಿತು. ಸೆರಗು ಸರಿಮಾಡಿಕೊಂಡು ಗಾಡಿ ಹತ್ತಿದಳು.

ಕೊನೆಗೆ ರುಕ್ಮವ್ವ ಬಂದಳು. ಮುಷ್ಟಿ ಮುಚ್ಚಿದ್ದಳು. "ಬಾಯಿ ತಗಿ" ಎಂದಳು, ಸಣ್ಣವನಿಗೆ ಔಷಧಿ ಕುಡಿಸುವಾಗ ಹೇಳುತ್ತಿದ್ದಂತೆ. ಅವನು ತೆರೆದ. ಸಕ್ಕರೆ ನಾಲಗೆಯ ಮೇಲೆ ಬಿತ್ತು. "ನುಂಗಪಾ. ನೀ ನುಂಗದ ಅದು ಪೂರಾ ಆಗೂದಿಲ್ಲ." ಸ್ವಲ್ಪ ನಿಂತು ನೋಡಿದಳು. ಖಲೀಲ ಹಾರ್ನು ಹೊಡೆದ. ಮುಂದಿನ ಸೀಟಿಗೆ ಜಯಮಾಲಾ ಸರಿದು ಕುಳಿತಳು.

ಗಾಡಿ ಓಣಿಯ ತಿರುವು ದಾಟಿದ ಮೇಲೂ ಧೂಳು ಬಹಳ ಹೊತ್ತು ನಿಂತಿತ್ತು. ಮುದ್ದೇಬಿಹಾಳಕ್ಕೆ ಇನ್ನೊಂದು ತಾಸಿಗೆ ಬಸ್ಸಿದೆಯೆಂಬುದು ಅವನಿಗೆ ನೆನಪಾಯಿತು. ರವಿವಾರ ಕ್ಷೌರದಂಗಡಿಯಲ್ಲಿ ಮಂದಿ ಹೆಚ್ಚು. ಆ ನೆನಪೂ ಅಲ್ಲೇ ನಿಂತಿತು, ಕಾಲಿಗೆ ಇಳಿಯಲಿಲ್ಲ.

ಸಕ್ಕರೆಯನ್ನು ಅವನು ನುಂಗಲಿಲ್ಲ, ಉಗುಳಲಿಲ್ಲ. ಬಾಯಿ ಮುಚ್ಚಿದರೆ ಕರಗಿ ಒಳಗೆ ಹೋದೀತೆಂದು ತೆರೆದೇ ಕುಳಿತ. ಪಡಸಾಲೆಯ ಜಮಖಾನೆಯ ಕೆಳಗಿನಿಂದ, ನಿನ್ನೆ ಚೆಲ್ಲಿದ ಸಕ್ಕರೆ ಹೊತ್ತುಕೊಂಡು, ಇರುವೆಯ ಸಾಲೊಂದು ಹೊಸ್ತಿಲು ದಾಟಿ ಕಟ್ಟೆಗೆ ಬಂತು. ಮುಂದಿನ ಇರುವೆ ಅವನ ಹೆಬ್ಬೆರಳಿಗೆ ತಾಕಿ ನಿಂತಿತು. ಮೂತಿಯಿಂದ ಮುಟ್ಟಿತು, ಸುತ್ತಿ ನೋಡಿತು, ಹಿಂದೆ ತಿರುಗಿ, ಬರುತ್ತಿದ್ದವಕ್ಕೆಲ್ಲ ಏನೋ ಹೇಳಿತು. ಆಮೇಲೆ ಇಡೀ ಸಾಲು, ಕಲ್ಲು ಹತ್ತಿದಂತೆ, ಅವನನ್ನು ಹತ್ತತೊಡಗಿತು. ಅವನು ಕೊಡವಲಿಲ್ಲ.

ಮನೆಯವರೆಲ್ಲ ಹೊಳೆಯ ತೋಟಕ್ಕೆ ಹೋದದ್ದು ಆ ರವಿವಾರ.